ಸರಸ್ವತಿಯ ಸಂದೂಕು

ಚಿತ್ತಾಪುರದ ಮಗ್ಗುಲಲ್ಲಿರುವ ನಾಗಾವಿಗೆ ಹೋದವರು ಎಲ್ಲಮ್ಮನಿಗೆ ಕೈಮುಗಿದು, ಅರವತ್ತು ಕಂಬದ ಗುಡಿಯ ನೆರಳಲ್ಲಿ ಸ್ವಲ್ಪ ಹೊತ್ತು ಕೂತು ಬರುತ್ತಾರೆ. ಆ ಊರಿನ 1058ರ ಶಾಸನವನ್ನು ಓದಿಕೊಂಡು ಹೋದವರಿಗೆ ಆ ನೆರಳು ಬೇರೆಯದೇ ಆಗಿ ಕಾಣುತ್ತದೆ. ಕಲ್ಯಾಣದ ಚಾಲುಕ್ಯ ದೊರೆ ತ್ರೈಲೋಕ್ಯಮಲ್ಲ ಸೋಮೇಶ್ವರನ ದಂಡನಾಯಕ ಮಧುಸೂದನ ಇಲ್ಲಿನ ಘಟಿಕಾಸ್ಥಾನಕ್ಕೆ ಬಿಟ್ಟ ದತ್ತಿಯ ಲೆಕ್ಕ ಅದರಲ್ಲಿದೆ. ವೇದ ಓದುವವರಿಗೆ ಇಷ್ಟು, ಶಾಸ್ತ್ರ ಓದುವವರಿಗೆ ಇಷ್ಟು, ಕಲಿಸುವವರಿಗೆ ಇಷ್ಟು ಎಂದು ಹೇಳುತ್ತ ಹೋಗುವ ಶಾಸನ ಅದೇ ಉಸಿರಿನಲ್ಲಿ ಆರು ಮಂದಿ ಸರಸ್ವತಿ ಭಂಡಾರಿಗರ ಹೆಸರು ತೆಗೆಯುತ್ತದೆ. ಇಂದಿನ ಮಾತಿನಲ್ಲಿ ಅವರು ಗ್ರಂಥಪಾಲಕರು. ಸಾವಿರ ವರ್ಷದ ಹಿಂದೆ ಚಿತ್ತಾಪುರದ ನೆಲದಲ್ಲಿ ಸಂಬಳ ಪಡೆದು ಪುಸ್ತಕ ಕಾಯುವವರು ಆರು ಜನ ಇದ್ದರು.

ಅಷ್ಟು ಜನ ಕಾಯುವಷ್ಟು ಓಲೆಗರಿ ಅಲ್ಲಿ ಇತ್ತೆಂದರೆ, ಅವನ್ನು ಯಾತರಲ್ಲಿ ಇಡುತ್ತಿದ್ದರು? ಗೆದ್ದಲಿಗೆ, ಮಳೆಗೆ, ಇಲಿಗೆ, ಬೆಂಕಿಗೆ ಸಿಗದಂತೆ ಇಡಲು ಯಾವ ಮರ, ಯಾವ ಬೀಗ, ಯಾವ ಬಟ್ಟೆ ಇತ್ತು? ಬರೆಯುವವನ ಕೈಯ ಸಾಮಾನು ಎಲ್ಲಿರುತ್ತಿತ್ತು? ಪಂಡಿತನ ಪೆಟ್ಟಿಗೆ ಎಂಬ ಈ ಸಣ್ಣ ವಸ್ತುವಿನ ಬಗ್ಗೆ ನಮ್ಮಲ್ಲಿ ಏನು ಗೊತ್ತಿದೆ, ಏನು ಉಳಿದಿದೆ ಎಂದು ಸೇಡಂ ಸೀಮೆಯನ್ನು ನಡುವೆ ಇಟ್ಟುಕೊಂಡು ನೋಡುವುದು ಈ ಬರಹದ ಕೆಲಸ.

ಹೋಲಿಕೆಗೆ ಚೀನಾಕ್ಕಿಂತ ಒಳ್ಳೆಯ ದೇಶ ಸಿಗದು. ವಿದ್ವಾಂಸನ ಮೇಜಿನ ಸಾಮಾನಿಗೆ ಅಲ್ಲಿ ಸಿಕ್ಕ ಗೌರವ ಬೇರೆಲ್ಲೂ ಸಿಕ್ಕಿಲ್ಲ. ಕುಂಚ, ಮಸಿಕಡ್ಡಿ, ಕಾಗದ, ಮಸಿ ತೇಯುವ ಕಲ್ಲು ಇವು ನಾಲ್ಕನ್ನು ಓದುಕೋಣೆಯ ನಾಲ್ಕು ನಿಧಿಗಳೆಂದು ಅವರು ಕರೆದರು. ನಾಲ್ಕರ ಹಿಂದೆ ಹತ್ತಾರು ಬಂದವು: ಕುಂಚ ಒರಗಿಸುವ ತಡಿ, ಕುಂಚ ತೊಳೆಯುವ ಬಟ್ಟಲು, ಹನಿಹನಿಯಾಗಿ ನೀರು ಬಿಡುವ ಪುಟ್ಟ ಪಾತ್ರೆ, ಮಣಿಕಟ್ಟು ಊರುವ ಹಲಗೆ, ಹೆಸರಿನ ಮುದ್ರೆ, ಮುದ್ರೆಗೆ ಬೇಕಾದ ಕೆಂಪು ಅರಗಿನಂಥ ಬಣ್ಣ. ಒಂದೊಂದಕ್ಕೂ ಒಂದೊಂದು ಪೆಟ್ಟಿಗೆ. ಮಸಿಕಲ್ಲು ವಕ್ರವಾಗಿದ್ದರೆ ಅದರ ಪೆಟ್ಟಿಗೆಯನ್ನೂ ಅದೇ ವಕ್ರಕ್ಕೆ ಕೊರೆಯುತ್ತಿದ್ದರು. ಮೂಲೆಗಳಲ್ಲಿ ಮೊಳೆ ಇಲ್ಲದ ಹೆಣಿಗೆ, ತಾಮ್ರ-ನಿಕ್ಕೆಲ್-ಸತುವಿನ ಬಿಳಿ ಲೋಹದ ಚಿಲಕ, ಮುಚ್ಚಳ ಮುಚ್ಚಿದರೆ ಕಾಣದಂಥ ಸಂದು. ಮಿಂಗ್ ಅರಸರ ಕೊನೆಗಾಲದಲ್ಲಿ, ಹದಿನೇಳನೆಯ ಶತಮಾನದ ಮೊದಲ ಭಾಗದಲ್ಲಿ, ವೆನ್ ಝೆನ್‌ಹೆಂಗ್ ಎಂಬ ಪಂಡಿತ ಇಂಥ ವಸ್ತುಗಳ ಮೇಲೆಯೇ ಒಂದು ಪುಸ್ತಕ ಬರೆದ. ಯಾವುದು ಸೊಗಸು, ಯಾವುದು ಒರಟು, ಯಾವ ಪೆಟ್ಟಿಗೆ ಓದುಕೋಣೆಗೆ ತಕ್ಕದ್ದು ಎಂದು ತೀರ್ಪು ಕೊಟ್ಟ. ಇಂದು ಹಾಂಗ್‌ಕಾಂಗ್‌ನ ಹರಾಜಿನಲ್ಲಿ ಹಳೆಯ ಪೆಟ್ಟಿಗೆಯೊಂದು ಬಂದರೆ ಅದರ ಹೆಸರು, ಕಾಲ, ಮರ ಎಲ್ಲವನ್ನೂ ಕೊಳ್ಳುವವನು ಕೇಳುತ್ತಾನೆ. ಆ ಪ್ರಶ್ನೆಗೆ ಉತ್ತರ ಕೊಡುವಷ್ಟು ಬರಹ ಆ ನಾಡಿನಲ್ಲಿ ಬೆಳೆದಿದೆ.

ಆ ಪೆಟ್ಟಿಗೆಗಳ ಮರದ ಕಥೆ ನಮ್ಮ ಬಾಗಿಲಿಗೇ ಬರುತ್ತದೆ. ಹಳದಿ ಮೈಯ ಹ್ವಾಂಗ್‌ಹ್ವಾಲಿ ಮರ ಅವರದೇ ಹೈನಾನ್ ದ್ವೀಪದ್ದು. ಆದರೆ ಛಿಂಗ್ ಅರಮನೆ ಎಲ್ಲಕ್ಕಿಂತ ಮೇಲೆಂದು ಎಣಿಸಿ, ತನ್ನ ಕಾರ್ಖಾನೆಗಳಲ್ಲಿ ಜೋಪಾನ ಮಾಡಿದ ಜ಼ಿತಾನ್ ಎಂಬ ಕಪ್ಪುಗೆಂಪು ಮರವನ್ನು ಸಸ್ಯಶಾಸ್ತ್ರಜ್ಞರು ಸಾಮಾನ್ಯವಾಗಿ ನಮ್ಮ ರಕ್ತಚಂದನವೆಂದೇ ಗುರುತಿಸುತ್ತಾರೆ. ನೀರಿಗೆ ಹಾಕಿದರೆ ಮುಳುಗುವ, ತಲೆಮಾರು ಕಳೆದರೂ ದಪ್ಪವಾಗದ ಮರ ಅದು. ಕಡಪ, ಚಿತ್ತೂರು ಕಡೆಯ ಶೇಷಾಚಲದ ಬೆಟ್ಟಗಳು ಅದರ ತವರು. ಚಿಂಚೋಳಿಯ ವನ್ಯಧಾಮದಲ್ಲೂ ಶ್ರೀಗಂಧದ ಜೊತೆಗೆ ರಕ್ತಚಂದನದ ಗಿಡಗಳಿವೆ. ಅದೇ ಕುಲದ ಇನ್ನೊಂದು ಮರ ನಮ್ಮ ಹೊನ್ನೆ. ಚೀನಾದ ಪಂಡಿತ ತನ್ನ ಮುದ್ರೆಯನ್ನು ಯಾವ ಮರದಲ್ಲಿ ಬಚ್ಚಿಟ್ಟನೋ ಆ ಮರದ ಕೊರಡನ್ನು ನಮ್ಮ ಅಜ್ಜಿಯರು ಕಲ್ಲಿನ ಮೇಲೆ ತೇದು ಬಾವಿಗೆ ಹಚ್ಚುತ್ತಿದ್ದರು. ಇಂದಿಗೂ ಆ ಮರ ಕಳ್ಳದಾರಿಯಲ್ಲಿ ಅದೇ ದಿಕ್ಕಿಗೆ ಹೋಗುತ್ತಿರುವುದು ನೋವಿನ ಸಂಗತಿ.

ಹಾಗಾದರೆ ಮರ ಇದ್ದ ನಾಡಿನಲ್ಲಿ ಅಂಥ ಪೆಟ್ಟಿಗೆ ಏಕೆ ಹುಟ್ಟಲಿಲ್ಲ? ಕಾರಣ ಬರವಣಿಗೆಯ ರೀತಿಯಲ್ಲೇ ಇದೆ. ಓಲೆಗರಿಯ ಮೇಲೆ ಬರೆಯುವವನಿಗೆ ಬೇಕಾದದ್ದು ಒಂದೇ ಒಂದು ಕಂಠ, ಅಂದರೆ ಮೊನಚಾದ ಕಬ್ಬಿಣದ ಕಡ್ಡಿ. ಗರಿಯನ್ನು ಎಡಗೈಯಲ್ಲಿ ಹಿಡಿದು, ಎಡ ಹೆಬ್ಬೆರಳಿನ ಆಸರೆಯಲ್ಲಿ ಕಂಠವನ್ನು ನಡೆಸಿ ಅಕ್ಷರ ಕೊರೆದರೆ ಬರಹ ಮುಗಿಯಿತು. ಎಣ್ಣೆ ಬೆರೆಸಿದ ದೀಪದ ಕಾಡಿಗೆಯನ್ನು ಬಳಿದು ಒರೆಸಿದರೆ ಗೀಚಿದ ಗೆರೆಯಲ್ಲಿ ಕಪ್ಪು ನಿಲ್ಲುತ್ತದೆ. ಮೇಜು ಬೇಡ, ಮಸಿಕಲ್ಲು ಬೇಡ, ಕುಂಚ ಒರಗಿಸುವ ತಡಿ ಬೇಡ. ಕಲ್ಲಿನ ವಿಷಯವನ್ನೇ ನೋಡಿ. ಶಹಾಬಾದ್, ವಾಡಿ, ಸೇಡಂ, ಚಿತ್ತಾಪುರ ಎಂದರೆ ಫರಸಿ ಕಲ್ಲಿನ ಸೀಮೆ. ನೆಲಕ್ಕೆ ಫರಸಿ, ಮಾಳಿಗೆಗೆ ಫರಸಿ, ಗೋಡೆಯ ಮಾಡಕ್ಕೂ ಫರಸಿ. ಕಲ್ಲನ್ನು ಹಲಗೆಯಂತೆ ಸೀಳಬಲ್ಲ ಈ ಸೀಮೆಯ ಕೈಗಳು ಮಸಿ ತೇಯುವ ಕಲ್ಲನ್ನು ಹೆಸರಾಗುವಂತೆ ಮಾಡಲಿಲ್ಲ, ಏಕೆಂದರೆ ಅದು ಯಾರಿಗೂ ಬೇಕಿರಲಿಲ್ಲ.

ನಮ್ಮ ಪಂಡಿತ ಜೋಪಾನ ಮಾಡಿದ್ದು ಬರೆದದ್ದನ್ನು. ಗರಿಗಳ ಕಟ್ಟಿಗೆ ಮೇಲೊಂದು ಕೆಳಗೊಂದು ಮರದ ಪಟ್ಟಿ, ತೂತಿನಲ್ಲಿ ಹಾಯ್ದ ದಾರ, ಸುತ್ತಲೂ ಕೆಂಪು ವಸ್ತ್ರ, ಅದನ್ನಿಡಲು ಉದ್ದನೆಯ ಕಿರಿದಾದ ಪೆಟ್ಟಿಗೆ. ನಮ್ಮಲ್ಲಿ ಪುಸ್ತಕದ ಮೊದಲ ಪೆಟ್ಟಿಗೆ ಎಂದರೆ ಆ ಎರಡು ಪಟ್ಟಿಗಳೇ. ಭಾಷೆ ಇದನ್ನು ನೆನಪಿಟ್ಟುಕೊಂಡಿದೆ. ಸಂಪುಟ ಎಂದರೆ ಮೂಲದಲ್ಲಿ ಎದುರುಬದುರಾಗಿ ಕೂಡಿಸಿ ಮುಚ್ಚಿದ್ದು, ಕರಂಡಕ. ಪುಸ್ತಕದ ಸಂಪುಟ ಎನ್ನುವಾಗಲೂ, ಸಚಿವ ಸಂಪುಟ ಎನ್ನುವಾಗಲೂ ನಾವು ಒಂದು ಪೆಟ್ಟಿಗೆಯ ಹೆಸರನ್ನೇ ಹೇಳುತ್ತಿರುತ್ತೇವೆ.

ಚೀನಿಯರೂ ನಮ್ಮ ಪುಸ್ತಕವನ್ನು ಅದರ ಪಟ್ಟಿಗಳಿಂದಲೇ ಗುರುತಿಸಿದರು. ಇಮ್ಮಡಿ ಪುಲಕೇಶಿಯ ರಾಜ್ಯವನ್ನು ನೋಡಿಹೋದ ಬೌದ್ಧ ಭಿಕ್ಷು ಹ್ಯೂಯೆನ್ ತ್ಸಾಂಗ್ 645ರಲ್ಲಿ ಚೀನಾದ ಚಾಂಗಾನ್ ಮುಟ್ಟಿದಾಗ ಅವನ ಹಿಂದೆ ಇಪ್ಪತ್ತು ಕುದುರೆಗಳ ಮೇಲೆ 657 ಗ್ರಂಥಗಳು ಬಂದವು ಎಂದು ಅವನ ಚರಿತ್ರೆ ಬರೆದವರು ಹೇಳುತ್ತಾರೆ. ಅವು 520 ಕಟ್ಟುಗಳಲ್ಲಿದ್ದವು. ಕಟ್ಟು ಎನ್ನಲು ಅವರು ಬಳಸಿದ ಅಕ್ಷರದ ಅರ್ಥ ಎರಡರ ನಡುವೆ ಒತ್ತಿ ಹಿಡಿದದ್ದು. ಮುಂದೆ ಭಾರತದ ಓಲೆಪುಸ್ತಕಕ್ಕೆ ಅಲ್ಲಿ ಅದೇ ಹೆಸರು ನಿಂತಿತು. ಭೀಮಾ ದಂಡೆಯ ಸನ್ನತಿ-ಕನಗನಹಳ್ಳಿಯ ಮಹಾಚೈತ್ಯವೂ ಆ ಬೌದ್ಧ ಜಗತ್ತಿಗೇ ಸೇರಿದ್ದು. ಅಲ್ಲಿ ಕಲ್ಲಿನ ಬರಹ ಸಿಕ್ಕಿದೆ, ಮರ ಮತ್ತು ಗರಿ ಮಣ್ಣಿಗೆ ಹೋಗಿವೆ. ಅಶೋಕನ ಶಾಸನವನ್ನು ಹೊತ್ತ ಬಂಡೆ ಕೂಡ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿ ವಿಗ್ರಹದ ಪೀಠವಾಗಿ, ನಡುವೆ ತೂತು ಕೊರೆಸಿಕೊಂಡು ಉಳಿದುಬಂದದ್ದು 1986ರಲ್ಲಿ ಗೊತ್ತಾಯಿತು. ಕಲ್ಲಿಗೇ ಆ ಗತಿ ಬಂದ ಮೇಲೆ ಮರದ ಪಟ್ಟಿಯ ಬಗ್ಗೆ ಹೇಳುವುದೇನು?

ಈ ಸೀಮೆಯಲ್ಲಿ ಬರೆದವರ ಸಾಲು ಸಣ್ಣದಲ್ಲ. ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷನ ಆಶ್ರಯದಲ್ಲಿ ಕವಿರಾಜಮಾರ್ಗ ಬಂತು, ಮಹಾವೀರಾಚಾರ್ಯನ ಗಣಿತಸಾರಸಂಗ್ರಹ ಬಂತು. ಪುಷ್ಪದಂತ ತನ್ನ ಅಪಭ್ರಂಶದ ಮಹಾಪುರಾಣವನ್ನು 965ರಲ್ಲಿ ಅಲ್ಲೇ ಮುಗಿಸಿದ. ಏಳು ವರ್ಷದಲ್ಲಿ, 972ರಲ್ಲಿ, ಪರಮಾರ ಸೀಯಕ ಆ ನಗರವನ್ನು ಲೂಟಿ ಮಾಡಿದ. ಪುಷ್ಪದಂತನ ಕಾವ್ಯ ಇಂದು ನಮಗೆ ಸಿಕ್ಕಿದೆ ಎಂದರೆ ಅದರ ಪ್ರತಿಗಳು ಬೇರೆ ಬೇರೆ ಊರುಗಳಲ್ಲಿ, ಬೇರೆ ಬೇರೆ ಪೆಟ್ಟಿಗೆಗಳಲ್ಲಿ ಇದ್ದವು ಎಂದೇ ಅರ್ಥ. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಯಿಸಿ ಹಂಚಿದ್ದರ ಬೆಲೆ ಇಲ್ಲಿ ತಿಳಿಯುತ್ತದೆ. ಸೇಡಂ ಪಟ್ಟಣವೂ ಹಿಂದೆ ಬಿದ್ದಿರಲಿಲ್ಲ. 1124ರ ಶಾಸನದಲ್ಲಿ ಸೇಡಿಂಬದ ಮುನ್ನೂರು ಮಹಾಜನರು ಶಾಂತಿನಾಥ ಬಸದಿಯನ್ನು ಕಟ್ಟಿಸುತ್ತಾರೆ.

ಶಹಾಬಾದ್ ಬಳಿಯ ಮರತೂರು ವಿಜ್ಞಾನೇಶ್ವರನ ಊರೆಂದು ಹೆಸರಾಗಿದೆ. ಅವನ ಮಿತಾಕ್ಷರ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನ. ಹಿಂದೂ ಕುಟುಂಬದ ಆಸ್ತಿಹಕ್ಕಿಗೆ ಬಹುತೇಕ ಭಾರತದಲ್ಲಿ ಆಧಾರವಾದ ಗ್ರಂಥ. ಅದರಲ್ಲಿ ಲೇಖ್ಯದ, ಅಂದರೆ ಬರಹದ ದಾಖಲೆಯ, ಪ್ರಕರಣವೇ ಒಂದಿದೆ. ಪತ್ರ ದೂರದೇಶದಲ್ಲಿ ಉಳಿದರೆ, ಅಕ್ಷರ ಅಳಿಸಿದರೆ, ಕಳುವಾದರೆ, ಹರಿದರೆ, ಸುಟ್ಟರೆ ಬೇರೊಂದು ಪತ್ರ ಮಾಡಿಸಿಕೊಳ್ಳಬೇಕು ಎಂಬ ನಿಯಮ ಅಲ್ಲಿದೆ. ಬರಹ ಎಷ್ಟು ವಿಧವಾಗಿ ಹಾಳಾಗಬಲ್ಲದು ಎಂಬುದರ ಪಟ್ಟಿಯಾಗಿಯೂ ಇದನ್ನು ಓದಬಹುದು. ಪೆಟ್ಟಿಗೆ ಬೇಕಾದದ್ದು ಆ ಪಟ್ಟಿಯ ಒಂದೊಂದು ಅಪಾಯಕ್ಕೂ.

ಕಾಗಿಣಾ ನದಿಯ ದಂಡೆಯ ಮಳಖೇಡಕ್ಕೆ ಮತ್ತೆ ಬರೋಣ. ಅಲ್ಲಿ ವೃಂದಾವನಸ್ಥರಾದ ಜಯತೀರ್ಥರು, ಟೀಕಾಚಾರ್ಯರು, ಮಧ್ವರ ಹಲವು ಗ್ರಂಥಗಳಿಗೆ ಟೀಕೆ ಬರೆದವರು. ಅವರು ಯರಗೋಳದ ಗವಿಯಲ್ಲಿ ಕೂತು ಬರೆದರೆಂದು ಭಕ್ತರು ಹೇಳುತ್ತಾರೆ. ಅದಕ್ಕಿಂತ ನನಗೆ ಪ್ರಿಯವಾದದ್ದು ಇನ್ನೊಂದು ಐತಿಹ್ಯ: ಹಿಂದಿನ ಜನ್ಮದಲ್ಲಿ ಅವರು ಮಧ್ವಾಚಾರ್ಯರ ಪುಸ್ತಕಗಳನ್ನು ಹೊತ್ತು ನಡೆದ ಎತ್ತಾಗಿದ್ದರಂತೆ, ಹೊರುತ್ತ ಹೊರುತ್ತ ಪಾಠವನ್ನೆಲ್ಲ ಕೇಳಿಸಿಕೊಂಡಿತಂತೆ ಆ ಎತ್ತು. ನಂಬಿಕೆಯ ಮಾತು ಹಾಗಿರಲಿ, ಇದರಲ್ಲಿ ವಸ್ತುಚರಿತ್ರೆಯ ಒಂದು ತುಣುಕೂ ಇದೆ. ಪಂಡಿತನ ಗ್ರಂಥಾಲಯ ಎತ್ತಿನ ಬೆನ್ನಿನ ಮೇಲೆ ಕೂರುವಂಥದ್ದು, ಊರೂರು ತಿರುಗುವಂಥದ್ದು. ಹಾಗೆ ತಿರುಗುವ ಗ್ರಂಥಾಲಯ ಕಳುವಾಗುವುದೂ ಇತ್ತು. ಮಧ್ವರ ಗ್ರಂಥಗಳನ್ನು ಎದುರಾಳಿಗಳು ಒಯ್ದಾಗ ಇಂದಿನ ಕಾಸರಗೋಡಿನ ಕುಂಬಳೆಯ ಅರಸ ಜಯಸಿಂಹ ಅವನ್ನು ಮರಳಿ ಕೊಡಿಸಿದ ಪ್ರಸಂಗ ಸುಮಧ್ವವಿಜಯದಲ್ಲಿದೆ. ಶರಣರ ಪರಂಪರೆಯಲ್ಲೂ ಕಾಯುವವನಿಗೆ ಹೆಸರಿತ್ತು. ವಚನಗಳ ಕಟ್ಟುಗಳನ್ನು ನೋಡಿಕೊಂಡ ಶಾಂತರಸ ವಚನಭಂಡಾರಿ ಎಂದೇ ಪ್ರಸಿದ್ಧ.

ಕಾಗದ ಬಂದ ಮೇಲೆ ಚಿತ್ರ ಬದಲಾಯಿತು. ದೌಲತಾಬಾದ್ ಬಳಿಯ ಕಾಗಜಿಪುರದಲ್ಲಿ ಕಾಗದ ಮಾಡುವವರು ನೆಲೆಸಿದರು. ಕಲಬುರಗಿ, ಆಮೇಲೆ ಬೀದರ್, ಬಹಮನಿಯರ ರಾಜಧಾನಿಗಳಾದವು. ಬೀದರಿನಲ್ಲಿ ಮಹಮೂದ್ ಗಾವಾನ್ 1472ರಲ್ಲಿ ಮುಗಿಸಿದ ಮದರಸಾದಲ್ಲಿ ಮೂರು ಸಾವಿರ ಹಸ್ತಪ್ರತಿಗಳಿದ್ದವೆಂದು ಹೇಳುತ್ತಾರೆ. ಕಲಬುರಗಿಯ ಬಂದೇನವಾಜರ ದರ್ಗಾದ ಗ್ರಂಥಾಲಯದಲ್ಲಿ ಇಂದಿಗೂ ಹಳೆಯ ಹಸ್ತಪ್ರತಿಗಳಿವೆ. ಬಿದಿರು-ಬೆತ್ತದ ಕಲಮು, ಅದನ್ನು ಕೆತ್ತುವ ಚೂರಿ, ಮೊನೆ ಕತ್ತರಿಸುವ ಪುಟ್ಟ ಹಲಗೆ, ಕತ್ತರಿ, ರೇಷ್ಮೆ ಎಳೆ ತುಂಬಿದ ಮಸಿಕುಡಿಕೆ ಇವನ್ನೆಲ್ಲ ಹಿಡಿಸುವ ಕಲಮದಾನ್ ಆಗ ನಮ್ಮ ನಾಡಿಗೆ ಬಂತು. ಚೀನಾದ ಪಂಡಿತನ ಪೆಟ್ಟಿಗೆಗೆ ನಮ್ಮಲ್ಲಿ ನಿಜವಾದ ದಾಯಾದಿ ಇದೇ. ಮರದಲ್ಲಿ, ಹಿತ್ತಾಳೆಯಲ್ಲಿ, ಕಾಗದದ ಹುದುಲಿನಲ್ಲಿ ಮಾಡುತ್ತಿದ್ದ ಇದನ್ನು ನಮ್ಮ ನೆರೆಯ ಬೀದರಿನವರು ಸತುವು-ತಾಮ್ರದ ಎರಕದಲ್ಲಿ ಮಾಡಿ, ಬೆಳ್ಳಿ ಎಳೆ ಕೂರಿಸಿ, ಕೋಟೆಯ ಮಣ್ಣಿನಿಂದ ಕಪ್ಪು ಬರಿಸಿದರು. ಬಿದರಿ ಕಲಮದಾನಿನ ಕಪ್ಪು ಮೈಮೇಲೆ ಬೆಳ್ಳಿಯ ಹೂಬಳ್ಳಿ ನೋಡಿದಾಗ, ಕರಿಯ ಮಸಿಯಲ್ಲಿ ಬರೆಯುವವನಿಗೆ ತಕ್ಕ ವಸ್ತು ಇದೇ ಅನಿಸುತ್ತದೆ. ಚೀನಿ ಕೆಲಸದ ಎದುರು ಇದನ್ನು ಇಡಲು ನಾವು ಹಿಂಜರಿಯಬೇಕಾಗಿಲ್ಲ.

ಹಳ್ಳಿಗೆ ಬಂದರೆ ಬೆಳ್ಳಿ ಇಲ್ಲ. ಅಲ್ಲಿ ಕುಲಕರ್ಣಿಯ ಸಾಗವಾನಿ ಪೆಟ್ಟಿಗೆ. ಇಳಿಜಾರು ಮುಚ್ಚಳ, ಒಳಗೆ ದೌತಿ-ಲೆಕ್ಕಣಿಕೆಗೆ ಸಣ್ಣ ಖಾನೆ, ಕೆಳಗೆ ಕಾಗದದ ಸುರುಳಿಗಳು. ನೆಲಕ್ಕೆ ಕೂತು ತೊಡೆಯ ಮುಂದೆ ಇಟ್ಟುಕೊಂಡರೆ ಅದೇ ಮೇಜು, ಮುಚ್ಚಿದರೆ ಅದೇ ತಿಜೋರಿ. ತೊಗರಿ ವ್ಯಾಪಾರದ ಅಡತಿ ಅಂಗಡಿಯ ಮುನೀಮನ ಮುಂದೆ ಇದ್ದದ್ದೂ ಇದರ ತಮ್ಮನೇ. ಪುರಾಣ ಓದುವವರಿಗೆ ಮಡಚುವ ವ್ಯಾಸಪೀಠ, ಕುರಾನ್ ಓದುವವರಿಗೆ ಅದೇ ಆಕಾರದ ರೆಹಲ್. ಎರಡೂ ಒಂದೇ ಹಲಗೆಯನ್ನು ಸೀಳಿ, ಸಂದು ಬಿಡಿಸಿ ಮಾಡಿದವು. ದಫ್ತರ, ಬಸ್ತಾ ಎಂಬ ಮಾತುಗಳು ನಮ್ಮ ಕಡೆ ಈಗಲೂ ನಾಲಿಗೆಯ ಮೇಲಿವೆ. ಬಸ್ತಾ ಎಂದರೆ ಫಾರಸಿಯಲ್ಲಿ ಕಟ್ಟಿದ್ದು, ನಮ್ಮ ಕಟ್ಟು ಎಂಬ ಮಾತಿನ ಅಕ್ಷರಶಃ ಜೋಡಿ.

ಕಡತದ ಮಾತನ್ನು ಇಲ್ಲಿ ಹೇಳಲೇಬೇಕು. ಕಚೇರಿಯ ಫೈಲಿಗೆ ಇಂದು ನಾವು ಕಡತ ಎನ್ನುತ್ತೇವೆ. ಮೂಲದಲ್ಲಿ ಅದು ಹುಣಸೆಬೀಜದ ಗಂಜಿ ಮತ್ತು ಇದ್ದಿಲು ಬಳಿದು ಕಪ್ಪಾಗಿಸಿದ ಬಟ್ಟೆ. ಬಳಪದಿಂದ ಬರೆದು ಮಡಿಕೆ ಮಡಿಕೆಯಾಗಿ ಮಡಚಿ, ಎರಡು ಬದಿಗೂ ಮರದ ಹಲಗೆ ಹಚ್ಚಿ ಇಡುತ್ತಿದ್ದರು. ಶೃಂಗೇರಿ ಮಠದಲ್ಲಿ ಇಂಥ ನೂರಾರು ಕಡತಗಳು ಉಳಿದಿವೆ. ಇಲ್ಲಿಯೂ ಪುಸ್ತಕವೇ ತನ್ನ ಪೆಟ್ಟಿಗೆಯನ್ನು ಮೈಗೆ ತೊಟ್ಟುಕೊಂಡಿದೆ.

ಇಷ್ಟೆಲ್ಲ ಇದ್ದದ್ದು ಉಳಿದದ್ದು ಪೂಜೆಯಿಂದ. ಜೈನರು ಜ್ಯೇಷ್ಠ ಶುದ್ಧ ಪಂಚಮಿಯ ಶ್ರುತಪಂಚಮಿಯಂದು ಗ್ರಂಥಗಳನ್ನು ಹೊರತೆಗೆದು, ಧೂಳು ಕೊಡವಿ, ಹೊಸ ವಸ್ತ್ರ ಸುತ್ತುತ್ತಾರೆ. ನವರಾತ್ರಿಯ ಮೂಲಾ ನಕ್ಷತ್ರಕ್ಕೆ ಮನೆಮನೆಯಲ್ಲಿ ಪುಸ್ತಕಗಳು ಜಗಲಿಗೇರುತ್ತವೆ. ದೀಪಾವಳಿಗೆ ಅಂಗಡಿಯಲ್ಲಿ ದೌತಿ-ಖಾತೆಗಳ ಪೂಜೆ. ಬಜೆ, ಕರ್ಪೂರ, ಬೇವಿನೆಲೆ ಪೆಟ್ಟಿಗೆಯೊಳಗೆ ಇರುತ್ತಿದ್ದವು. ಚೀನಿಯರೂ ತಮ್ಮ ಆರನೆಯ ತಿಂಗಳ ಆರನೆಯ ದಿನ ಪುಸ್ತಕಗಳಿಗೆ ಬಿಸಿಲು ತೋರಿಸುತ್ತಿದ್ದರು. ಹುಳದ ಭಯ ಎರಡು ನಾಡಿಗೂ ಒಂದೇ. ಆದರೆ ನಾವು ಪೂಜಿಸಿದ ವಸ್ತುವನ್ನು ವರ್ಣಿಸಿ ಬರೆದಿಡಲಿಲ್ಲ, ಇದು ನನ್ನ ಮುಖ್ಯ ದೂರು. ಜಗಲಿಯ ಮೇಲಿನ ಪೆಟ್ಟಿಗೆಯನ್ನು ಅಳೆಯುವವರು, ಮರ ಯಾವುದೆಂದು ಕೇಳುವವರು, ಮಾಡಿದ ಬಡಿಗನ ಹೆಸರು ಗುರುತು ಹಾಕುವವರು ಇರಲಿಲ್ಲ.

ಹಸ್ತಪ್ರತಿ ಹುಡುಕಿದವರ ಋಣ ದೊಡ್ಡದು. ಫ. ಗು. ಹಳಕಟ್ಟಿಯವರು ಮನೆಮನೆಯ ಕಟ್ಟುಗಳಿಂದ ವಚನಗಳನ್ನು ಎತ್ತಿ ತಂದು, 1925ರಲ್ಲಿ ಮುದ್ರಣಾಲಯಕ್ಕಾಗಿ ಮನೆಯನ್ನೇ ಮಾರಿದರು. 1891ರಲ್ಲಿ ಶುರುವಾದ ಮೈಸೂರಿನ ಪ್ರಾಚ್ಯ ವಿದ್ಯಾ ಸಂಶೋಧನಾಲಯ ಅರ್ಥಶಾಸ್ತ್ರವನ್ನು ಜಗತ್ತಿಗೆ ಕೊಟ್ಟಿತು. ಆ ಕಾಲಕ್ಕೆ ಪಠ್ಯವನ್ನು ಉಳಿಸುವುದೇ ಪ್ರಾಣದ ಪ್ರಶ್ನೆಯಾಗಿತ್ತು, ಪೆಟ್ಟಿಗೆ ನೋಡಲು ಯಾರಿಗೂ ಪುರುಸೊತ್ತಿರಲಿಲ್ಲ. ನಮ್ಮ ಹಸ್ತಪ್ರತಿ ಸೂಚಿಗಳು ಗರಿ ಎಷ್ಟು, ಪುಟಕ್ಕೆ ಸಾಲು ಎಷ್ಟು, ಉದ್ದಗಲ ಎಷ್ಟು ಎಂದು ಹೇಳುತ್ತವೆ. ಪಟ್ಟಿ ಯಾವ ಮರದ್ದು ಎಂಬುದಕ್ಕೆ ಅವುಗಳಲ್ಲಿ ಕಾಲಂ ಕಾಣುವುದು ಅಪರೂಪ. ಕಟ್ಟು ಗ್ರಂಥಾಲಯಕ್ಕೆ ಹೋಗಿ ಉಕ್ಕಿನ ಕಪಾಟು ಸೇರಿತು, ಪೆಟ್ಟಿಗೆ ಮನೆಯಲ್ಲೇ ಉಳಿದು ಅಡುಗೆಮನೆಯ ಬೇಳೆ ಡಬ್ಬಿಯಾಯಿತು, ಇಲ್ಲವೇ ಹಳೆ ಸಾಮಾನಿನವನ ಗಾಡಿ ಏರಿತು. 1961ರ ಗ್ರಾಮಾಧಿಕಾರಗಳ ರದ್ದಿಯಾತಿ ಕಾಯ್ದೆಯಿಂದ ಕುಲಕರ್ಣಿಕೆ ಹೋದ ಮೇಲೆ ಅವರ ಪೆಟ್ಟಿಗೆಗಳಿಗೂ ಕೆಲಸ ಹೋಯಿತು. ಆ ಕಾಯ್ದೆ ತಪ್ಪಲ್ಲ, ಬೇಕಾಗಿದ್ದದ್ದೇ. ಪೆಟ್ಟಿಗೆಗಳಿಗೆ ಮಾತ್ರ ಹೋಗಲು ಜಾಗವಿರಲಿಲ್ಲ.

ಇಂದು ಅವು ನಗರದ ಹೋಟೆಲುಗಳಲ್ಲಿ ಅಲಂಕಾರದ ವಸ್ತುವಾಗಿ, ವಾರ್ನಿಶ್ ಬಳಿಸಿಕೊಂಡು ಕೂತಿವೆ. ವಾರ್ನಿಶ್ ಬಿದ್ದ ಕ್ಷಣದಲ್ಲಿ ಮಸಿಯ ಕಲೆ, ಕೈಯ ಜಿಡ್ಡು, ಕುಂಕುಮದ ಗುರುತು ಎಲ್ಲ ಮುಚ್ಚಿಹೋಗುತ್ತವೆ. ಚೀನಿ ಸಂಗ್ರಾಹಕರು ತಲೆಮಾರುಗಳ ಕೈಯಿಂದ ಮರಕ್ಕೆ ಬಂದ ಹೊಳಪಿಗೇ ಬೆಲೆ ಕಟ್ಟುತ್ತಾರೆ. ನಾವು ಅದನ್ನು ಕೊಳೆ ಎಂದು ಉಜ್ಜಿ ತೆಗೆಯುತ್ತೇವೆ. 1972ರ ಪುರಾವಸ್ತು ಕಾಯ್ದೆ ನೂರು ವರ್ಷ ದಾಟಿದ ಕಲಾವಸ್ತುವನ್ನೂ, ಎಪ್ಪತ್ತೈದು ವರ್ಷ ದಾಟಿದ ಮಹತ್ವದ ಹಸ್ತಪ್ರತಿಯನ್ನೂ ಪುರಾವಸ್ತು ಎನ್ನುತ್ತದೆ. ಕಾಯ್ದೆ ಕಳ್ಳಸಾಗಣೆಗೆ ಅಡ್ಡ ನಿಲ್ಲಬಹುದು; ಮನೆಯವರ ಉದಾಸೀನಕ್ಕೆ ಅಡ್ಡ ನಿಲ್ಲಲಾರದು.

ಚೀನಾದ ಕುಸುರಿ ಕೆಲಸ ಹೇಗಿರುತ್ತದೆಂದು ನೋಡಬೇಕೆನ್ನುವ ಸೇಡಂನವರಿಗೆ ದೂರವೇನಿಲ್ಲ. 1874ರಿಂದ ಓಡುತ್ತಿರುವ ವಾಡಿ-ಸಿಕಂದರಾಬಾದ್ ರೈಲುಹಾದಿ ಚಿತ್ತಾಪುರ, ಮಳಖೇಡ ರೋಡ್, ಸೇಡಂ ಹಾಯ್ದೇ ಹೋಗುತ್ತದೆ. ಹೈದರಾಬಾದಿನ ಸಾಲಾರ್‌ಜಂಗ್ ವಸ್ತುಸಂಗ್ರಹಾಲಯದಲ್ಲಿ ಚೀನಾದ ಕೋಣೆಗಳೂ ಇವೆ, ಬಿದರಿಯ ಸಾಲುಗಳೂ ಇವೆ. ಇದೇ ಸೀಮೆಯ ಪೆಟ್ಟಿಗೆಗಳಿಗೂ ಒಂದು ಗೋಡೆ ಬೇಕು. ಕಲಬುರಗಿಯ ಸೇಡಂ ರಸ್ತೆಯಲ್ಲಿ ಬಹಮನಿ ಕಾಲದ ಗುಮ್ಮಟಗಳಲ್ಲಿರುವ ಸರ್ಕಾರಿ ವಸ್ತುಸಂಗ್ರಹಾಲಯ ಅದಕ್ಕೆ ಒಳ್ಳೆಯ ಜಾಗ. ಶಾಸನ, ಶಿಲ್ಪಗಳ ಪಕ್ಕದಲ್ಲಿ ಒಂದು ಕುಲಕರ್ಣಿ ಪೆಟ್ಟಿಗೆ, ಒಂದು ಕಲಮದಾನ್, ಒಂದು ಜೊತೆ ಓಲೆಪಟ್ಟಿ, ಒಂದು ವ್ಯಾಸಪೀಠ, ಒಂದು ರೆಹಲ್ ಇಟ್ಟರೆ ಶಾಲೆಯ ಮಕ್ಕಳಿಗೆ ಬರಹದ ಚರಿತ್ರೆ ಕೈಗೆ ಮುಟ್ಟುತ್ತದೆ.

ಅಲ್ಲಿಯವರೆಗೆ ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಅಟ್ಟದಲ್ಲೋ ಮಾಡದಲ್ಲೋ ಅಂಥದ್ದೊಂದು ಪೆಟ್ಟಿಗೆ ಇದ್ದರೆ ಎಣ್ಣೆ, ವಾರ್ನಿಶ್ ಹಚ್ಚಬೇಡಿ, ಒಣಬಟ್ಟೆಯಿಂದ ಧೂಳು ಒರೆಸಿದರೆ ಸಾಕು. ಮುಚ್ಚಳದ ಒಳಮೈಯ, ತಳದ, ಚಿಲಕದ ಫೋಟೋ ತೆಗೆಯಿರಿ. ಮನೆಯ ಹಿರಿಯರನ್ನು ಕೇಳಿ, ಯಾರದು, ಯಾವ ಊರಿನದು, ಅದರಲ್ಲಿ ಏನಿತ್ತು ಎಂದು ಒಂದು ಹಾಳೆಯಲ್ಲಿ ಬರೆದು ಅದರೊಳಗೇ ಇಡಿ. ಓಲೆಯ ಕಟ್ಟನ್ನು ಯಾವುದಾದರೂ ಸಂಸ್ಥೆಗೆ ಕೊಡುವ ದಿನ ಬಂದರೆ, ಪೆಟ್ಟಿಗೆಯನ್ನೂ ಜೊತೆಗೆ ಕೊಟ್ಟು, ಎರಡಕ್ಕೂ ಒಂದೇ ನಂಬರು ಬರೆಯಿಸಿಕೊಂಡು ಬನ್ನಿ.